ಮಾರುತೇಶನಿಗೆ ತೊಡಿಸಿದ ಕೋಟು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ತಳದ ಗಸಿ ತೆಗೆಯಲು ಟ್ಯಾಂಕಿನೊಳಗೆ ಇಳಿಸಿದ ಮಾರುತೇಶ ಉಸಿರುಗಟ್ಟಿ ಸತ್ತ. ಹೆಣವನ್ನು ಗೇಟಿನ ಹೊರಗೆ ತಂದು ಮಲಗಿಸಿದರು. ಇವನು ನಮ್ಮ ಕೆಲಸದವನಲ್ಲ, ಯಾರೋ ದಾರಿಹೋಕ ಎಂದು ಮಿಲ್ಲಿನವರು ಹೇಳಿದರು.

ಅವನ ತಾಯಿ ಜೋಗಮ್ಮ ಕೊಂಡ್ಲಹಳ್ಳಿಯಿಂದ ಬಂದು, ತಿಥಿಯ ದಿನ ಮನೆ ಮುಂದೆ ಕಟ್ಟಲು ಒಂದು ಫ್ಲೆಕ್ಸ್ ಬೇಕೆಂದು ಮುರುಗೇಂದ್ರಪ್ಪನ ಅಂಗಡಿಯಲ್ಲಿ ಮಗನ ಫೋನು ಕೊಟ್ಟಳು. ಅದರಲ್ಲಿ ನೆಟ್ಟಗೆ ಮುಖ ಕಾಣುವ ಫೋಟೋ ಇದ್ದದ್ದು ಒಂದೇ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಫೋನು ವಾಪಸು ಕೊಟ್ಟು, ನಾಡಿದ್ದು ಬಾ ಎಂದು ಕಳಿಸಿದರು.

ಚಿತ್ರ ಮಾಡಲು ಕೂತವನು ಜಾಕಿರ್. ಲಾರಿಗಳ ಬೆನ್ನು, ಶಾಲೆಗಳ ಗೋಡೆ, ಹೋಟೆಲ್ ಬೋರ್ಡು, ಸತ್ತವರ ಭಾವಚಿತ್ರ, ಹೀಗೆ ಅರ್ಧ ಆಯಸ್ಸು ಬ್ರಶ್ಶು ಹಿಡಿದೇ ಬದುಕಿದವನು. ಫ್ಲೆಕ್ಸ್ ಬಂದು ಆ ಬ್ರಶ್ಶನ್ನು ಒಣಗಿಸಿತು. ಈಗ ಅದೇ ಫ್ಲೆಕ್ಸ್ ಅಂಗಡಿಯವರು, ಕೈಯಲ್ಲಿ ಬರೆದ ಹಾಗೆ ಕಾಣಬೇಕು ಅನ್ನುವ ಗಿರಾಕಿಗಳಿಗಾಗಿ ಅವನನ್ನು ಕರೆದು ಕೂರಿಸಿಕೊಂಡಿದ್ದರು. ಕಪ್ಪು ಹಲಗೆಯೊಂದರ ಮೇಲೆ ಪೆನ್ನು ಆಡಿಸಿದರೆ ಎದುರಿನ ಪರದೆಯಲ್ಲಿ ಬಣ್ಣ ಮೂಡುತ್ತಿತ್ತು. ಕಲಿಸುತ್ತಿದ್ದವಳು ಅವನ ಅಕ್ಕನ ಮಗಳು ಇರ್ಫಾನಾ, ಅಲ್ಲೇ ಕೆಲಸಕ್ಕಿದ್ದವಳು.

"ಮಾಮೂ, ಅದಕ್ಕೆ ಬಣ್ಣಾನೇ ಇಲ್ಲ. ಯಾಕೆ ಅಂಗಿಗೆ ಒರೆಸ್ತೀರಿ?"

"ನಂಗೆ ಗೊತ್ತೈತೆ ಬೇಟಿ. ಕೈಗೆ ಗೊತ್ತಿಲ್ಲ. ನೀನೇ ಹೇಳು ಅದಕ್ಕೆ."

ಅವನಿಗೆ ತೀರ ಹೊಸದೆನಿಸಿದ್ದು ಪದರಗಳ ಲೆಕ್ಕ. ಗೋಡೆಯ ಮೇಲೆ ಒಮ್ಮೆ ಬಣ್ಣ ಬಿದ್ದರೆ ಕೆಳಗಿನದು ಸತ್ತಂತೆ. ಎಷ್ಟು ಚುನಾವಣೆಗಳ ಗೋಡೆಬರಹವನ್ನು ಅವನು ಹಾಗೆ ಹೂತಿದ್ದನೋ. ಇಲ್ಲಿ ಹಾಗಲ್ಲ. ಪ್ರತಿ ಪದರದ ಪಕ್ಕ ಒಂದು ಸಣ್ಣ ಕಣ್ಣಿನ ಗುರುತು. ಅದನ್ನು ಒತ್ತಿದರೆ ಮೇಲಿನ ಪದರ ಮಾಯವಾಗಿ ಕೆಳಗಿನದು ಇದ್ದ ಹಾಗೇ ಕಾಣುತ್ತದೆ.

ಫೋಟೋವನ್ನು ತಳದ ಪದರವಾಗಿಟ್ಟು ಅದರ ಮೇಲೆ ತಿದ್ದಿದ ಮಾರುತೇಶನ ಮುಖ ಚೆನ್ನಾಗಿ ಬಂತು. ಆಮೇಲೆ ಜಾಕಿರ್ ಅವನಿಗೆ ಕೋಟು ತೊಡಿಸಿದ. ಅದು ಈ ಕಸುಬಿನ ರೂಢಿ. ಸತ್ತ ಹಮಾಲನಿಗೂ ಕೋಟು, ಕುರಿ ಕಾಯುವವನಿಗೂ ಕೋಟು, ಕೂಲಿ ಹೆಂಗಸಿಗೆ ಮೊಳಕಾಲ್ಮೂರು ರೇಷ್ಮೆ. ಬದುಕಿದ್ದಾಗ ಮೂಗಿಗೆ ಕಟ್ಟಲು ಒಂದು ತುಂಡು ಬಟ್ಟೆ ಕೊಡದ ಊರು ಸತ್ತ ಮೇಲೆ ಕೊರಳಿಗೆ ಟೈ ಕಟ್ಟುತ್ತದೆ. ಜಾಕಿರ್ ಅಷ್ಟೆಲ್ಲ ಯೋಚಿಸಲಿಲ್ಲ. ಕಂಪ್ಯೂಟರಿನಲ್ಲಿ ರೆಡಿ ಇದ್ದ ಕೋಟು ಬೇಡವೆಂದು, ಮಡಿಕೆ ಮಡಿಕೆಗೂ ನೆರಳು ಕೊಟ್ಟು ತಾನೇ ಹೊಲಿದ. ಹೊಸ ಪೆನ್ನಿನಲ್ಲಿ ಕೈ ಕುದುರಿದ್ದು ಅವತ್ತೇ. ಖುಷಿಯೋ ಖುಷಿ.

ಹೇಳಿದ ದಿನ ಮಧ್ಯಾಹ್ನ ಜೋಗಮ್ಮ ಬಂದಳು. ಇರ್ಫಾನಾ ಊಟಕ್ಕೆ ಹೋಗಿದ್ದಳು. ಪರದೆ ನೋಡಿದವಳೇ ಜೋಗಮ್ಮ ಮನೆಯ ತೆಲುಗಿನಲ್ಲೇ ಕೇಳಿಬಿಟ್ಟಳು, "ಎವುರಪ್ಪಾ ವೀಡು?"

ಆಮೇಲೆ, "ಯಾರು ಸಾಬಣ್ಣ ಇವ್ನು?" ಅಂದಳು.

"ಮಾರುತೇಶನೇ ಅವ್ವ. ಮುಖ ನೋಡು."

"ಮುಖ ಅವಂದೇ. ಮೈ ಯಾರ್ದು? ಅಂಗಿ ಎಲ್ಲೋತು?"

"ಸತ್ತೋರಿಗೆ ಮರ್ಯಾದೆ ಅಂತ ಕೋಟು ಹಾಕ್ತೀವವ್ವ. ಎಲ್ಲಾರಿಗೂ ಹಾಕ್ತೀವಿ."

"ಕೊಂಡ್ಲಹಳ್ಳಿಯಾಗೆ ಯಾವ ತಹಶೀಲ್ದಾರ ಸತ್ನಮ್ಮಾ ಅಂತ ಕೇಳ್ತಾರೆ ಜನ! ಅಂಗಿ ಬೇಕು ನಂಗೆ. ಅದ್ರ ಮ್ಯಾಲೆ ಮಿಲ್ಲಿನ ಹೆಸರೈತೆ."

ಜಾಕಿರನ ಕೈ ನಿಂತಿತು. ಫೋಟೋದಲ್ಲಿದ್ದ ಖಾಕಿ ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ಹೊಲಿದ ಹೆಸರು ಅವನಿಗೆ ಈಗ ನೆನಪಿಗೆ ಬಂತು. ಅವನು ಕೋಟಿನ ಪಟ್ಟಿಯನ್ನು ಸರಿಯಾಗಿ ಅದರ ಮೇಲೆಯೇ ಇಳಿಸಿದ್ದ.

ಜೋಗಮ್ಮ ಬೆಳಿಗ್ಗೆ ಮಿಲ್ಲಿಗೆ ಹೋಗಿ ಬಂದಿದ್ದಳು. ನೋಡ್ರಿ ನಿಮ್ಮ ಅಂಗಿ ಹಾಕ್ಕಂಡವ್ನೆ ನನ್ನ ಮಗ, ಹೆಂಗೆ ದಾರಿಹೋಕ ಆಗ್ತಾನೆ ಎಂದು ಫೋನು ತೋರಿಸಿದ್ದಳು. ಮೇಸ್ತ್ರಿ ಬಾಲರಾಜು, "ಎಲ್ಲಿ, ಕೊಡವ್ವ" ಎಂದು ಇಸಕೊಂಡ. ವಾಪಸು ಕೊಟ್ಟಾಗ ಫೋಟೋ ಇರಲಿಲ್ಲ.

"ಆ ಅಂಗೀನೂ ಅವ್ರೇ ಇಟ್ಕಂಡವ್ರೆ. ಎಣ್ಣೆ ಆಗಿತ್ತು ಬಿಚ್ಚಿದ್ವಿ ಅಂದ್ರು. ಸಿಟ್ಟು ಬಂತು ನೋಡು, ಅಂಗಡ್ಯಾಗೆ ಇನ್ನೊಂದು ಫೋಟೋ ಐತೆ ಕಣ್ರೋ, ಊರಿಗೆಲ್ಲಾ ಕಾಣಂಗೆ ಕಟ್ತೀನಿ ಅಂದು ಬಂದೆ."

"ಅಂದ್ಯಾ?" ಜಾಕಿರ್ ಬಾಗಿಲ ಕಡೆ ನೋಡಿದ. "ಯಾಕವ್ವ ಅಂದೆ?"

ಅವನು ಕೋಟಿನ ಪಕ್ಕದ ಕಣ್ಣು ಒತ್ತಿದ. ಕೋಟು ಹೋಯಿತು. ಖಾಕಿ ಅಂಗಿ ಬಂತು, ಜೇಬು ಬಂತು, ಹೆಸರು ಬಂತು. ಜೋಗಮ್ಮ ಪರದೆಯನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಮುರುಗೇಂದ್ರಪ್ಪ ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದ. "ಆಯ್ತು ಸಾರ್, ಈಗ್ಲೇ, ನನ್ ಎದುರಿಗೇ" ಅಂದು ಫೋನು ಇಳಿಸಿದ. ಆ ಮಿಲ್ಲಿನ ಎಣ್ಣೆ ಡಬ್ಬಗಳ ಲೇಬಲ್ಲು ಅಚ್ಚಾಗುವುದು ಇವನ ಅಂಗಡಿಯಲ್ಲೇ.

"ಜಾಕಿರ್ ಸಾಬ್ರೆ, ಕೋಟು ಹಾಕಿದ್ರಂತಲ್ಲ, ಅದೇ ಇರ್ಲಿ. ಲಕ್ಷಣವಾಗಿರ್ತೈತೆ. ಮಿಷನ್ನಿಗೆ ಕಳ್ಸೋ ಮುಂಚೆ ಇರ್ಫಾನಾ ಪದರ ಎಲ್ಲಾ ಕೂಡಿಸ್ತಾಳಲ್ಲ, ಹಂಗೆ ಕೂಡಿಸ್ಬಿಡಿ. ಆ ಫೋಟೋನೂ ಅಳಿಸ್ರಿ."

ಕೂಡಿಸುವುದೆಂದರೇನು ಎಂದು ಜಾಕಿರನಿಗೆ ಗೊತ್ತಿತ್ತು. ಒಂದು ಗುಂಡಿ ಒತ್ತಿದರೆ ಇದೂ ಗೋಡೆಯೇ. ಆಮೇಲೆ ಯಾವ ಕಣ್ಣು ಒತ್ತಿದರೂ ಅಂಗಿ ಬರುವುದಿಲ್ಲ. ಈ ಭೂಮಿಯ ಮೇಲೆ ಮಾರುತೇಶ ಆ ಮಿಲ್ಲಿನವನು ಎಂದು ಹೇಳಲು ಉಳಿದದ್ದು ಆ ಜೇಬೊಂದೇ.

"ಹೆತ್ತೋಳು ಅಂಗಿ ಕೇಳ್ತಾವ್ಳೆ ಸಾಹುಕಾರ್ರೆ."

"ಹೆತ್ತೋಳಿಗೆ ಸುಮ್ನೆ ಮಾಡಿಕೊಡ್ತೀನಿ, ಒಂದು ಪೈಸೆ ಬೇಡ. ಏನವ್ವ, ಕೋಟಿನಾಗೆ ರಾಜ ಇದ್ದಂಗವ್ನೆ ನಿನ್ ಮಗ."

"ನಿನ್ ಮಗನಿಗೆ ಹಾಕ್ಕ ಹೋಗು," ಅಂದಳು ಜೋಗಮ್ಮ.

ಮುರುಗೇಂದ್ರಪ್ಪನ ಮುಖ ಕೆಂಪೇರಿತು. "ಲೇ ಜಾಕಿರಾ, ಬೀದಿಯಾಗಿದ್ದೆ. ಕರ್ಕಂಬಂದು ಕುರ್ಚಿ ಕೊಟ್ಟೆ. ನೀ ಮಾಡ್ದಿದ್ರೆ ಆ ಹುಡುಗಿ ಬರ್ತಾಳೆ, ಅವಳ ಕೈಲಿ ಮಾಡಿಸ್ತೀನಿ. ಆಮೇಲೆ ಇಬ್ರೂ ಮನೆಗೆ."

ಎರಡು ಕಂಪ್ಯೂಟರಿಗೆ ಯಜಮಾನನಾದ ಅವನಿಗೆ ಯಾವ ಗುಂಡಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಇರ್ಫಾನಾ ಬರುವವರೆಗೆ ಮಾತ್ರ ಸಮಯ. ಬಂದರೆ ಆ ಹುಡುಗಿಯ ಕೊರಳಿಗೆ ಬೀಳುತ್ತದೆ ಇದು. ಜಾಕಿರ್ ಪೆನ್ನನ್ನು ಅಂಗಿಗೆ ಒರೆಸಿಕೊಂಡ. ಕೋಟಿನ ಪದರವನ್ನು ಹಿಡಿದು ಕಸದ ಬುಟ್ಟಿಗೆ ಎಳೆದ. ಅಂಥ ಕೋಟು ಅವನು ಇನ್ನೊಂದು ಮಾಡಿರಲಿಲ್ಲ. ಆಮೇಲೆ ಅವಳು ಕಲಿಸಿದ್ದ ಕ್ರಮದಲ್ಲೇ ಚಿತ್ರವನ್ನು ಮಿಷನ್ನಿಗೆ ಕಳಿಸಿದ.

ಪಕ್ಕದ ಕೋಣೆಯಲ್ಲಿ ಮಿಷನ್ನು ಗುರ್ ಅಂದಿತು. ಬಿಳಿ ಫ್ಲೆಕ್ಸಿನ ಮೇಲೆ ಮೊದಲು ಕೂದಲು, ಆಮೇಲೆ ಹಣೆ, ಅಡ್ಡಗೆರೆ ಅಡ್ಡಗೆರೆಯಾಗಿ ಮೂಡತೊಡಗಿತು. ಜೇಬು ಇನ್ನೂ ಕೆಳಗಿತ್ತು. ಜೋಗಮ್ಮ ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಏಯ್! ಏನ್ ಕಳ್ಸಿದ್ದು? ಕೋಟೋ ಅಂಗಿಯೋ?"

"ಅಂಗಿ."

"ನಿಲ್ಸಲೇ ಅದನ್ನ! ಕುರ್ಚಿ ಬಿಟ್ಟು ಏಳು!"

ಜಾಕಿರ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಎಳೆದುಕೊಂಡ.

"ನಿಲ್ಸಲ್ಲ. ಏಳಲ್ಲ."