ರೊಟ್ಟಿ ಬಡಿಯುವಷ್ಟು ಜಾಗ

೨೦೨೪ರ ನವೆಂಬರ್ ೧೭, ಭಾನುವಾರ ಸಂಜೆ ನಾಲ್ಕು ಹತ್ತಕ್ಕೆ ನನ್ನ ಹೆಂಡತಿ ಮಹಾನಂದಾ ಮೊದಲ ಸಲ ದೋಣಿಯೊಳಗೆ ಇಳಿದಳು. ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಪುಂಡಲೀಕನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಉಕ್ಕಿನ ಈ ಹಾಯಿದೋಣಿ ಕಟ್ಟಿಸುತ್ತಿದ್ದೇನೆ. ಕಾರವಾರದಿಂದ ಹೊರಟು ಸಮುದ್ರದ ಮೇಲೆಯೇ ಸಂಸಾರ ಹೂಡಬೇಕೆಂಬುದು ನನ್ನ ಆಸೆ. ಬರುತ್ತೇನೆಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಆದರೂ ಎರಡನೇ ಹಾಸಿಗೆಯನ್ನು ಅವಳ ಎತ್ತರಕ್ಕೇ ಮಾಡಿಸಿ, ಎಷ್ಟೋ ಸಂಜೆ ಅದರ ಎದುರು ಸುಮ್ಮನೆ ಕೂತಿದ್ದೆ.

ಅವಳು ಒಲೆಯ ಕಟ್ಟೆಯನ್ನು ಮುಟ್ಟಿ ನೋಡಿದಳು.

"ನಿಂತು ಯಾರ್ ರೊಟ್ಟಿ ಬಡೀತಾರ್ರೀ? ಕುಂದ್ರಾಕ ಜಾಗಾನ ಇಲ್ಲ."

ಪುಂಡಲೀಕ ಮೇಲಿನಿಂದ ಇಣುಕಿ ನಕ್ಕ. "ಅಕ್ಕಾರ, ಸರ್ ಬ್ರೆಡ್ ತಿಂತಾರಂತ್ರಿ."

"ಮೂರು ದಿನ ತಿಂತಾರ. ನಾಕನೇ ದಿನ ಬಿಸಿ ರೊಟ್ಟಿ ಬೇಕಂತಾರ. ಆವಾಗ ಸಮುದ್ರದಾಗ ಯಾರನ್ನ ಕರೀತಾರ?"

ಅವಳು ಎರಡು ಹಾಸಿಗೆಗಳ ನಡುವೆ ನೆಲದ ಮೇಲೆ ಕಾಲು ಮಡಚಿ ಕೂತು, ಬರಿಗೈಯಲ್ಲೇ ರೊಟ್ಟಿ ಬಡಿದು ನೋಡಿದಳು. ಮೊಣಕೈಗಳು ಎರಡೂ ಬದಿಯ ಉಕ್ಕಿಗೆ ತಾಗಿದವು.

"ನಿಮ್ಮ ಹಾಸಿಗಿ ಸ್ವಲ್ಪ ಆ ಕಡೆ ಸರಸ್ರಿ. ನಂದು ಇಲ್ಲೇ ಇರ್ಲಿ," ಎಂದಳು.

ಪುಂಡಲೀಕ ಮೇಲಿನಿಂದ ಟೇಪು ಎಸೆದ. ಅವಳು ಕೈಗಳನ್ನು ಹಾಸಿಗೆಗಳ ಮೇಲಕ್ಕೆತ್ತಿ ಸಲೀಸಾಗಿ ಬಡಿದು ತೋರಿಸಿದಾಗ, ಮೊಣಕೈಯಿಂದ ಮೊಣಕೈಗೆ ಎರಡು ಸಲ ಅಳೆದೆ. ಎಂಬತ್ತಾರು ಸೆಂಟಿಮೀಟರ್.