ಜಗಲಿಯ ಮೇಲೆ ಹಾಕಿದ ಎಲೆ

ಕಳಲೆಯ ಚನ್ನಾಜಮ್ಮನ ಮನೆಗೆ ಬಂದವರು ಯಾರೂ ಹಸಿದುಕೊಂಡು ಹಿಂದಿರುಗಿದ್ದಿಲ್ಲ. ಹೀಗೆಂದು ಊರವರಿಗಿಂತ ಹೆಚ್ಚಾಗಿ ಚನ್ನಾಜಮ್ಮನೇ ಹೇಳಿಕೊಳ್ಳುತ್ತಿದ್ದಳು. ಅದು ಮುಗಿದರೆ ಮಗನ ವಿಷಯ. ಮೈಸೂರು ಸೀಮೆಗೆ ಯೂನಿವರ್ಸಿಟಿ ಬಂದ ಹೊಸತು. ಅವಳ ಮಗ ಗಂಗಾಧರ ಮೈಸೂರಿನ ಒಂದು ಕಾಲೇಜಿನಲ್ಲಿ ಓದುತ್ತಿದ್ದ. ಊರಿನಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ತಾಯಿ ಸ್ವಲ್ಪ ಬೀಗಿದರೂ ಜನ ನಕ್ಕು ಸುಮ್ಮನಾಗುತ್ತಿದ್ದರು.

ಒಂದು ರಜೆಯ ದಿನ ಗಂಗಾಧರ ನಂಜನಗೂಡಿನಲ್ಲಿ ರೈಲಿಳಿದು, ಸ್ನೇಹಿತನೊಬ್ಬನನ್ನು ಕರೆದುಕೊಂಡು ಊರಿಗೆ ಬಂದ. ಅವನನ್ನು ಜಗಲಿಯ ಮೇಲೆ ಕೂರಿಸಿ, ಬಡಿಸುತ್ತಿರು ಎಂದು ಅಡುಗೆಮನೆಯಲ್ಲಿದ್ದ ತಾಯಿಗೆ ಕೂಗಿ ಹೇಳಿ, ಅಪ್ಪನನ್ನು ಕರೆತರಲು ಗದ್ದೆಯ ಕಡೆ ಹೋದ.

ಚನ್ನಾಜಮ್ಮ ಹೊರಗೆ ಬಂದು ನೋಡಿದಳು. ಮಗನ ವಯಸ್ಸಿನವನೇ. ಒಗೆದ ಕೋಟು, ತೊಡೆಯ ಮೇಲೆ ಪುಸ್ತಕ. ಯಾವೂರು, ಯಾರ ಪೈಕಿ ಎಂದು ವಾಡಿಕೆಯಂತೆ ವಿಚಾರಿಸಿದಳು.

"ನರಸೀಪುರದ ಕಡೆಯೋನು ಅವ್ವ. ಚಿಕ್ಕಮಾದು ಅಂತ. ಊರಾಚೆ ಕೇರಿಯೋರು ನಾವು" ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ.

ಚನ್ನಾಜಮ್ಮ ಗದರಲಿಲ್ಲ. ಬೇರೆಯವರಾಗಿದ್ದರೆ ಜಗಲಿಯಿಂದಲೇ ಎಬ್ಬಿಸುತ್ತಿದ್ದರು, ನಾನು ಹಾಗಲ್ಲ ಎಂದು ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಜಗಲಿಯ ತುದಿಯಲ್ಲಿ ಎಲೆ ಹಾಕಿ, ಬಿಸಿ ಮುದ್ದೆಗೆ ಅವರೆಕಾಳಿನ ಸಾರು ಬಡಿಸಿದಳು. ಬೇಡವೆಂದರೂ ಇನ್ನೊಂದು ಮುದ್ದೆ ಹಾಕಿದಳು. ನೀರನ್ನು ಮಾತ್ರ ಮೇಲಿನಿಂದ ಅವನ ಬೊಗಸೆಗೆ ಸುರಿದಳು. ಊಟವಾದ ಮೇಲೆ ಹಿತ್ತಲಿನಿಂದ ಒಂದು ಹಿಡಿ ಸಗಣಿ ತಂದು ಆಚೆ ಇಟ್ಟಳು.

"ಎಲೆ ಎತ್ತಿ, ಜಾಗ ಬಳಿದ್ಬುಡಪ್ಪ" ಎಂದಳು. ಇನ್ನೊಂದು ಮುದ್ದೆ ಹಾಕಿಸಿಕೊ ಎಂದ ಅದೇ ಅಕ್ಕರೆಯ ದನಿಯಲ್ಲಿಯೇ ಹೇಳಿದಳು. ಅವಳ ಅತ್ತೆ ಹಾಗೆ ಮಾಡಿಸುತ್ತಿದ್ದಳು, ಅತ್ತೆಯ ಅತ್ತೆಯೂ ಮಾಡಿಸುತ್ತಿದ್ದಳು. ಚಿಕ್ಕಮಾದು ಕೋಟಿನ ತೋಳು ಮಡಿಸಿ, ಎಲೆ ಎತ್ತಿ, ತಾನು ಕೂತು ಉಂಡ ಜಾಗವನ್ನು ತಾನೇ ಬಳಿದ. ಆಮೇಲೆ ಪುಸ್ತಕ ಎತ್ತಿಕೊಂಡು, ಬತ್ತೀನಿ ಅವ್ವ ಎಂದು ಹೇಳಿ ಹೊರಟ. ಗಂಗಾಧರನನ್ನು ಹುಡುಕಿಕೊಂಡು ಹೋದನೇನೋ ಎಂದು ಅವಳು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಗಂಗಾಧರನೂ ಅವನಪ್ಪ ಬಸವಯ್ಯನೂ ಬಂದರು. ಅತಿಥಿ ಹೊಟ್ಟೆ ತುಂಬ ಉಂಡದ್ದರ ವರದಿಯನ್ನು ಚನ್ನಾಜಮ್ಮ ಖುಷಿಯಿಂದಲೇ ಒಪ್ಪಿಸಿದಳು. ಮಗನ ಕಣ್ಣು ಇನ್ನೂ ಹಸಿಯಾಗಿದ್ದ ಸಗಣಿಯ ಮೇಲಿತ್ತು.

"ಇದ್ನ ಯಾರು ಬಳಿದ್ರವ್ವ?"

"ಅವ್ನೇಯ. ಇನ್ಯಾರು ಬಳೀತಾರೆ?"

ಗಂಗಾಧರ ಒಂದೊಂದಾಗಿ ಹೇಳಿದ. ಕಾಲೇಜಿನಲ್ಲಿ ಚಿಕ್ಕಮಾದುವಿನ ಬೆಂಚಿನಲ್ಲಿ ಬೇರೆ ಯಾರೂ ಕೂರುವುದಿಲ್ಲ. ಹಾಸ್ಟೆಲಿನಲ್ಲಿ ಎಲ್ಲರ ಊಟ ಮುಗಿದ ಮೇಲೆ ಅವನಿಗೆ ಹಿಂದಿನ ಬಾಗಿಲ ಹತ್ತಿರ ಎಲೆ. ನೀರಿನ ಕೊಳಗವನ್ನು ಅವನು ಮುಟ್ಟುವ ಹಾಗಿಲ್ಲ. ಸಾಕಾಗಿ, ಓದು ಬಿಟ್ಟು ಊರಿಗೆ ಹೋಗುತ್ತೇನೆಂದು ಪುಸ್ತಕ ಕಟ್ಟಿದ್ದ. ಎಲ್ಲ ಮನೆಗಳೂ ಹೀಗಿರುವುದಿಲ್ಲ, ನಮ್ಮವ್ವನ ಕೈಯಲ್ಲಿ ಒಂದು ಹೊತ್ತು ಉಂಡು ನೋಡು, ಆಮೇಲೆ ಬಿಡುವುದಾದರೆ ಬಿಡು ಎಂದು ಗಂಗಾಧರನೇ ಹಟ ಹಿಡಿದು ಕರೆತಂದಿದ್ದ.

ಬಸವಯ್ಯ ಗಂಟಲು ಸರಿಮಾಡಿಕೊಂಡ. ಓದಿನ ರೀತಿ ಬೇರೆ, ಮನೆಯ ರೀತಿ ಬೇರೆ, ನಾಳೆ ಊರವರಿಗೆ ಉತ್ತರ ಹೇಳಬೇಕಾದವನು ನಾನು ಎಂದ. ಅದರಲ್ಲಿ ಅಷ್ಟು ನೊಂದುಕೊಳ್ಳುವಂಥದ್ದೇನಿದೆ ಎಂದೂ ಕೇಳಿದ.

"ಏನೈತೆ ಅಂತ ನಂಗೊತ್ತು ಅಪ್ಪ. ನಾನೂ ಬಳಿದಿವ್ನಿ" ಎಂದ ಗಂಗಾಧರ.

ಗಂಗಾಧರ ಮೈಸೂರಿಗೆ ಹೋದ ಹೊಸದರಲ್ಲಿ ವಾರಾನ್ನ ಮಾಡಿಕೊಂಡಿದ್ದ. ವಾರದಲ್ಲಿ ದಿನಕ್ಕೊಂದು ಮನೆಯಲ್ಲಿ ಊಟ. ಅದರಲ್ಲಿ ಒಂದು, ತಮಗಿಂತ ಮೇಲಿನ ಜಾತಿಯ ದೊಡ್ಡ ಅಧಿಕಾರಿಯೊಬ್ಬರ ಮನೆ. ಬಸವಯ್ಯನೇ ಕಾಡಿಬೇಡಿ ಗೊತ್ತುಮಾಡಿದ್ದು. ನನ್ನ ಮಗ ಅಂಥವರ ಮನೆಯಲ್ಲಿ ಉಣ್ಣುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಆ ಮನೆಯಲ್ಲಿ ಹುಡುಗನಿಗೆ ಎಲೆ ಹಾಕುತ್ತಿದ್ದುದು ದನದ ಕೊಟ್ಟಿಗೆಯ ಪಕ್ಕ. ಉಂಡ ಮೇಲೆ ಆ ಮನೆಯ ಯಜಮಾನಿ ಸಗಣಿ ತಂದಿಡುತ್ತಿದ್ದರು. ಅವರ ದನಿಯೂ ಬಹಳ ಅಕ್ಕರೆಯದೇ.

"ನೀವು ನೊಂದ್ಕತೀರಾ ಅಂತ ಏಳ್ನಿಲ್ಲ" ಎಂದ ಮಗ.

ಬಸವಯ್ಯ ಸಗಣಿ ಬಳಿದ ಜಾಗದ ಪಕ್ಕದಲ್ಲೇ ಕೂತುಬಿಟ್ಟ. ಚನ್ನಾಜಮ್ಮನಿಗೆ ನಾಚಿಕೆಯಿಂದ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಸೆರಗು ಬಿಗಿದು, ಚಪ್ಪಲಿಯನ್ನೂ ಮೆಟ್ಟದೆ ನಂಜನಗೂಡಿನ ದಾರಿ ಹಿಡಿದಳು. ಹಿಂದೆಯೇ ಮಗನೂ ಹೊರಟ.

ಚಿಕ್ಕಮಾದು ನಾಲೆಯ ದಂಡೆಯಲ್ಲಿ ಕೂತು ಕೈ ತೊಳೆಯುತ್ತಿದ್ದ. ಉಗುರಿನ ಸಂದಿಯ ಸಗಣಿಯನ್ನು ಕಡ್ಡಿಯಿಂದ ತೆಗೆಯುತ್ತಿದ್ದ. ರೈಲಿಗೆ ಹೋಗುತ್ತೀಯಾ ಎಂದು ಗಂಗಾಧರ ಕೇಳಿದ್ದಕ್ಕೆ, ಇಲ್ಲ, ನಮ್ಮೂರಿಗೆ ನಡೆಯುತ್ತೇನೆ ಎಂದ.

"ತಪ್ಪಾಯ್ತು ಕಣ್ ಮಗ. ಬಾ, ಒಳಗೆ ಕೂರ್ಸಿ ಬಡಿಸ್ತೀನಿ" ಎಂದಳು ಚನ್ನಾಜಮ್ಮ.

"ಒಟ್ಟೆ ತುಂಬೈತೆ ಅವ್ವ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು, ತನ್ನ ಮಗನ ಕೈಯಲ್ಲೂ ಬಳಿಸಿದರಂತೆ, ಈಗಷ್ಟೇ ಗೊತ್ತಾಯಿತು, ಕರುಳು ಕಿವುಚಿದಂತಾಯಿತು ಎಂದಳು.

ಚಿಕ್ಕಮಾದು ಅವಳ ಮುಖ ನೋಡಿದ. "ಗಂಗಾಧರನ ಕೈಲಿ ಮಾಡ್ಸಿದ್ದು ಕೇಳಿ ಕರುಳು ಕಿವುಚ್ತು. ನನ್ ಕೈಲಿ ಮಾಡ್ಸೋವಾಗ ಏನೂ ಅನ್ನಿಸ್ನಿಲ್ವಾ ಅವ್ವ? ನಂಗೂ ಒಬ್ಳು ಅವ್ವ ಅವ್ಳೆ."

ಚನ್ನಾಜಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಇಲ್ಲ ಮಗ. ಅನ್ನಿಸ್ನಿಲ್ಲ" ಎಂದಳು.

ಗಂಗಾಧರನೂ ತಲೆ ತಗ್ಗಿಸಿದ. ಇಷ್ಟು ದಿನ ಸ್ನೇಹಿತನೆಂದು ಹೇಳಿಕೊಂಡ ಅವನೇ ಹಾಸ್ಟೆಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಉಂಡು, ಕೈ ತೊಳೆದು ಎದ್ದುಹೋಗುತ್ತಿದ್ದ. ಹಿಂದಿನ ಬಾಗಿಲ ಕಡೆ ಒಂದು ದಿನವೂ ಹೋದವನಲ್ಲ. ಅವ್ವನ ಮೇಲೆ ಮುನಿಯಲು ತನಗೆ ಯಾವ ಹಕ್ಕಿದೆ ಎಂದು ಅವನಿಗೆ ಆಗ ಅನ್ನಿಸಿತು.

"ನಾಳಿಂದ ನಿನ್ ಪಕ್ಕ ನನ್ ಎಲೆ. ಬೆಂಚಲ್ಲೂ ನಿನ್ ಪಕ್ಕಾನೇ. ನೀನು ಬರ್ದೇ ಇದ್ರೂ ನಾನು ಅಲ್ಲೇ ಉಣ್ತೀನಿ, ಒಬ್ನೇ" ಎಂದ.

ಚಿಕ್ಕಮಾದು ಕೈಯಲ್ಲಿದ್ದ ಕಡ್ಡಿಯನ್ನು ನೀರಿಗೆ ಎಸೆದ. ಪುಸ್ತಕ ಎತ್ತಿಕೊಂಡು ಎದ್ದು, ಮೈಸೂರಿನ ರೈಲು ಹಿಡಿಯಲು ಸ್ಟೇಷನ್ನಿನ ಕಡೆ ನಡೆದ. ಚನ್ನಾಜಮ್ಮನ ಮನೆಗೆ ಮಾತ್ರ ಅವನು ಅವತ್ತು ಬರಲಿಲ್ಲ. ಮುಂದಿನ ರಜೆಯಲ್ಲಿಯೂ ಬರಲಿಲ್ಲ.

ಮೈಸೂರಿನಲ್ಲಿ ಗಂಗಾಧರ ಆಡಿದಂತೆ ನಡೆದ. ಕೆಲವರು ನಕ್ಕರು, ಕೆಲವರು ಮಾತು ಬಿಟ್ಟರು. ಆಮೇಲೆ ಕವಲಂದೆಯ ದೇವರಾಜು ಎಂಬ ಹುಡುಗ ತನ್ನ ಎಲೆ ಹಿಡಿದುಕೊಂಡು ಬಂದು ಅವರ ಪಕ್ಕ ಕೂತ. ಮೂವರ ಸಾಲನ್ನು ಹಿಂದಿನ ಬಾಗಿಲಿಗೆ ಅಟ್ಟುವುದು ಕಷ್ಟ. ಸಾಲು ಒಳಗೆ ಬಂತು.

ಚಿಕ್ಕಮಾದು ಕಳಲೆಗೆ ಬಂದದ್ದು ಪರೀಕ್ಷೆ ಮುಗಿದ ಮೇಲೆ. ಬಸವಯ್ಯನೇ ಹೊಸ್ತಿಲಿಗೆ ಬಂದು ಒಳಗೆ ಕರೆದು, ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಉಂಡ. ಎದುರು ಮನೆಯ ಗುರುಸಿದ್ದಮ್ಮ ಬಂದು, ಇದೇನು ಹೊಸ ಪದ್ಧತಿ ಎಂದು ಮೂಗು ಮುರಿದಳು.

"ಅಳೇದು ಏನ್ ಮಾಡ್ತು ಅಂತ ಗೊತ್ತಾಯ್ತು ಕಣಕ್ಕ" ಎಂದಷ್ಟೇ ಹೇಳಿದಳು ಚನ್ನಾಜಮ್ಮ. ಸಾರು ಬಡಿಸುವಾಗ ಮಾತ್ರ ಆ ಹುಡುಗನ ಕಣ್ಣನ್ನು ನೋಡಲು ಅವಳಿಗೆ ಆಗಲಿಲ್ಲ.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಆ ಕಾಲ ಹೋಯಿತು ಎಂದು ಹೇಳಲು ಆತುರ ಬೇಡ. ನಿಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ತರಗತಿಯಲ್ಲಿ ಯಾರು ಒಬ್ಬರೇ ಕೂತಿದ್ದಾರೆ ನೋಡಿ. ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದ ವಿದ್ಯಾರ್ಥಿಯನ್ನು ನೀವು ಮೊದಲು ಏನು ಕೇಳಿದಿರಿ, ನೆನಪು ಮಾಡಿಕೊಳ್ಳಿ. ಸ್ವಂತ ಮಗುವಿನ ಕೈಗೆ ಸಗಣಿ ಮೆತ್ತಿದ ಮೇಲೆಯೇ ಕಣ್ಣು ತೆರೆಯಬೇಕೆಂದಿಲ್ಲ. ಇವತ್ತು ಮಧ್ಯಾಹ್ನ ನಿಮ್ಮ ತಟ್ಟೆ ಎತ್ತಿಕೊಂಡು ಹೋಗಿ, ಒಬ್ಬರೇ ಕೂತವರ ಪಕ್ಕದಲ್ಲಿ ಕೂತು ಊಟ ಮಾಡಿ.