ನಾಯಿಯ ಪಾಲು

ಶೇರಾ ಇನ್ನಿಲ್ಲವೆಂದು ಪೊನ್ನಪ್ಪನವರಿಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಸಿವಿಲ್ ಲೈನ್ಸಿನ ದವಾಖಾನೆಯಲ್ಲಿ. ಒಂಬತ್ತು ವರ್ಷ ನೆರಳಿನಂತೆ ಹಿಂದೆ ಬಂದ ನಾಯಿ. ಪಶುವೈದ್ಯೆ ಇಂದುಮತಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಹೊಟ್ಟೆಯೊಳಗೆ ಬಿಳಿ ಚುಕ್ಕೆಗಳು, ಸಾಸಿವೆ ಚೆಲ್ಲಿದಂತೆ.

“ಕಾಕಾ, ಇದು ಸೀಸ. ಏನ್ ತಿನ್ಸೀರಿ ಇದಕ್ಕ?”

ಪೊನ್ನಪ್ಪನವರು ನಡೆದದ್ದನ್ನು ಹೇಳಿದರು. ಸಾವನೇರ್ ಊರಿನ ಬಳಿ ಬೆಳೆ ಹಾಳುಮಾಡುತ್ತಿದ್ದ ಕಾಡುಹಂದಿಯನ್ನು ಅವರು ಪರವಾನಗಿ ಪಡೆದು ಹೊಡೆದಿದ್ದರು. ಹೊಡೆದದ್ದನ್ನು ಹೂಳಬೇಕೆಂಬುದು ಅರಣ್ಯ ಇಲಾಖೆಯ ಆಜ್ಞೆ. ಹಂದಿಮಾಂಸವೆಂದರೆ ಬಿಡದ ಕೊಡಗಿನ ಜೀವ ಕೇಳಲಿಲ್ಲ. ಗುಂಡು ತಗುಲಿದ ಮುಂಗಾಲಿನ ತೊಡೆ ಮನೆಗೆ ಬಂತು. ಬೇಟೆಯಲ್ಲಿ ನಾಯಿಗೂ ಪಾಲುಂಟು ಎಂಬುದು ಹಿರಿಯರ ಪದ್ಧತಿ. ಗಾಯದ ಸುತ್ತಲಿನ ಕಪ್ಪು ಮಾಂಸವನ್ನೆಲ್ಲ ಕೊಯ್ದು ದಿನವೂ ಶೇರಾನಿಗೇ ಹಾಕಿದ್ದರು.

ಗುಂಡನ್ನು ಆರಿಸಿದವರೂ ಅವರೇ. ಮೂವತ್ತು ವರ್ಷ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಂಡು ಪರೀಕ್ಷಿಸಿದವರು. ತಾಮ್ರದ್ದನ್ನು ಬಿಟ್ಟು ಸೀಸದ್ದನ್ನು ಎತ್ತಿಕೊಂಡಿದ್ದರು. ಸೀಸ ಮೆತ್ತಗೆ, ಮೈಯೊಳಗೆ ಅರಳುತ್ತದೆ, ಪ್ರಾಣಿ ನರಳುವುದಿಲ್ಲ ಎಂಬ ಕರುಣೆ. ಅರಳುವಾಗ ಚೂರಾಗಿ ಮಾಂಸದಲ್ಲಿ ಉದುರುತ್ತದೆಂದು ಹೊಳೆಯಲಿಲ್ಲ.

“ಮನ್ಯಾಗ ಯಾರರ ತಿಂದಾರೇನ್ರಿ?” ಇಂದುಮತಿ ವಿಚಾರಿಸಿದಳು.

ಸೊಸೆ ಶ್ರೀರಕ್ಷಾ! ಬೆಳಗಾವಿಯ ಹುಡುಗಿ, ಆರು ತಿಂಗಳ ಬಸುರಿ. “ಮಾವಾರ, ಬಯಕಿ ಐತಿ, ಇನ್ನೊಂದ್ ತುಂಡು ಹಾಕ್ರಿ” ಎಂದು ಕೇಳಿ ಉಂಡಿದ್ದಳು.

ಫ್ರಿಜ್ಜಿನಲ್ಲಿ ಉಳಿದಿದ್ದ ತುಂಡನ್ನು ತಂದು ಎಕ್ಸ್‌ರೇಗೆ ಇಟ್ಟರು. ಗಾಯದಿಂದ ಒಂದು ಗೇಣು ದೂರದ ಮಾಂಸದಲ್ಲೂ ಆ ಚುಕ್ಕೆಗಳು.

ಅಂದೇ ಸೊಸೆಯ ರಕ್ತ ಪರೀಕ್ಷೆಗೆ ಹೋಯಿತು. ವೈದ್ಯರೆದುರು ಪೊನ್ನಪ್ಪನವರು ಒಂದನ್ನೂ ಮುಚ್ಚಿಡಲಿಲ್ಲ. ಮೂರು ದಿನ ಅವಳು ಕೆಮ್ಮಿದರೆ ಓಡಿಬರುವರು, ಸುಮ್ಮನಿದ್ದರೆ ಇನ್ನೂ ಹೆದರುವರು.

“ಮಾವಾರ, ಹಂಗ್ ನೋಡಬ್ಯಾಡ್ರಿ. ನಾ ಏನ್ ಸಿಡಿಯೋ ಬಂದೂಕ ಅಲ್ಲ” ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೈ ಹೊಟ್ಟೆಯ ಮೇಲೆ ಹೋಯಿತು.

ವರದಿ ಬಂತು. ಸೀಸ ಇದೆ, ಸ್ವಲ್ಪ. ಮತ್ತೆ ತಿನ್ನದಿದ್ದರೆ ಇಳಿಯಬಹುದು, ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ವೈದ್ಯರು. ಅಂದರೆ ಇನ್ನೊಂದು ತಿಂಗಳು ಈ ಹೆದರಿಕೆ.

ಸಾವನೇರಿನ ರೈತ ಲಕ್ಷ್ಮೀಕಾಂತನ ಫೋನು ಬಂತು: ಹಂದಿಗಳು ಮತ್ತೆ ಹೊಲಕ್ಕೆ ನುಗ್ಗಿವೆ. ಪೊನ್ನಪ್ಪನವರು ಸೀಸದ ಡಬ್ಬಿಯನ್ನು ಅಂಗಡಿಗೆ ಮರಳಿಸಿ ತಾಮ್ರದ ಗುಂಡು ತಂದರು. “ಈ ಸಲ ಹೊಡೆದದ್ದನ್ನು ಹೂಳುತ್ತೇನೆ. ಕಾಲೂ ಬೇಡ, ಕಿವಿಯೂ ಬೇಡ” ಎಂದು ಸೊಸೆಗೆ ಹೇಳಿದರು.

ಹೊರಡುವ ಮುನ್ನ ಬೇವಿನ ಬುಡದಲ್ಲಿ, ಶೇರಾನನ್ನು ಮಣ್ಣು ಮಾಡಿದಲ್ಲಿ, ದೀಪವಿಟ್ಟು ಹಿಡಿ ಅನ್ನ ಹಾಕಿ ಕೊಡಗಿನ ದೇವರಿಗೆ ಕೈಮುಗಿದರು.

“ಇಗ್ಗುತಪ್ಪಾ, ಪಾಲೆಂದು ವಿಷ ಹಾಕಿದವನು ನಾನು. ಬಾಲ ಅಲ್ಲಾಡಿಸಿಕೊಂಡು ತಿಂದಿತು. ಆ ಮೂಕ ಜೀವವನ್ನು ನಿನ್ನ ಪಾದದ ಬಳಿ ಮಲಗಿಸಿಕೋ. ಅದಕ್ಕೆ ಶಾಂತಿ ಕೊಡು.”